ಹುಳಿ

ಹಳಗನ್ನಡದ 'ಪುಳಿ' ಪಕಾರ ಕಳೆದುಕೊಂಡು 'ಹುಳಿ' ಆಯಿತು. ತಮಿಳು, ಮಲಯಾಳ, ತುಳುಗಳಲ್ಲಿ ಇಂದಿಗೂ ಪುಳಿಯೇ. ಹುಣಸೆಯೂ ಇದೇ ಬಳಗದ್ದು. ಹಳೆ ಮೈಸೂರಿನ ಮನೆಗಳಲ್ಲಿ ಹುಳಿ ಎಂದರೆ ಬೇಳೆ, ತರಕಾರಿ ಹಾಕಿ ಕುದಿಸಿದ ಮೇಲೋಗರ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಡುಗೆಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ಕೆಲಸವಿದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ, ಗುಳ್ಳೆಯೆದ್ದು, ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿದರೆ 'ಹುಳಿ ಬಂದಿದೆ' ಎನ್ನುತ್ತಾರೆ. 'ಹುದುಗುವಿಕೆ' ಪಠ್ಯಪುಸ್ತಕದಲ್ಲೇ ಇರಲಿ! ಈಚಲು ಮರದ ರಸವೂ ಹಾಗೆಯೇ: ನಸುಕಿನಲ್ಲಿ ಸಿಹಿ ನೀರಾ, ಸಂಜೆಗೆ ಹುಳಿ ಹೆಂಡ.

ಈ ಹುಳಿ ನಮ್ಮಲ್ಲಷ್ಟೇ ಅಲ್ಲ: ಬೆಲ್ಜಿಯಂನವರು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿಸಿ, ಹುಳಿ ಚೆರ್ರಿ ಹಣ್ಣು ಹಾಕಿ 'ಕ್ರೀಕ್' ಎಂಬ ಬಿಯರ್ ಮಾಡುತ್ತಾರೆ. ಅದರ ಹುಳಿಗೂ ನಮ್ಮ ಹಿಟ್ಟಿನ ಹುಳಿಗೂ ಮುಖ್ಯ ಕಾರಣ ಲ್ಯಾಕ್ಟಿಕ್ ಆಮ್ಲವೇ. ಆ ಬಿಯರನ್ನು ಕನ್ನಡದಲ್ಲಿ 'ಆಮ್ಲೀಯ ಬಿಯರ್' ಎಂದು ಬರೆದರೆ ಯಾರ ಬಾಯಲ್ಲೂ ನೀರೂರದು. 'ಹುಳಿ ಬಿಯರ್' ಎಂದರೆ ಸಾಕು.

ಒಂದು ಎಚ್ಚರಿಕೆ: 'ಹುಳಿ ಬರುವುದು' ಎಂದರೆ ಹದಕ್ಕೆ ಬರುವುದು, 'ಹುಳಿ ಹಿಂಡುವುದು' ಎಂದರೆ ಇದ್ದದ್ದನ್ನು ಕೆಡಿಸುವುದು. ಬರೆಯುವಾಗ ಎರಡನ್ನೂ ಬೆರೆಸಬೇಡಿ.