ವಸಡಿನ ಕಸಿ, ಹೊಗೆಯ ಲೆಕ್ಕ

ಅಂಗುಳಿನಿಂದ ತೆಳ್ಳನೆಯ ತುಂಡೊಂದನ್ನು ತೆಗೆದು, ವಸಡು ಸವೆದ ಜಾಗದಲ್ಲಿ ಹೊಲಿದು ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಸ್ವೀಡನ್ನಿನ ಬ್ಯೋರ್ನ್ 1963ರಲ್ಲಿ ವರದಿ ಮಾಡಿದರು. ಅಮೆರಿಕದ ಸಲಿವನ್ ಮತ್ತು ಅಟ್ಕಿನ್ಸ್ 1968ರಲ್ಲಿ ಅದರ ನಿಯಮಗಳನ್ನು ಬರೆದಿಟ್ಟರು. ಚರ್ಮದ ಕಸಿ ಮಾಡುವವರಿಗೆ ಮೊದಲೇ ಗೊತ್ತಿದ್ದ ಪಾಠ ಬಾಯಿಯಲ್ಲೂ ನಿಜವಾಯಿತು: ಕೊಯ್ದು ತೆಗೆದ ತುಂಡಿಗೆ ತನ್ನದೆಂಬ ರಕ್ತದ ಹರಿವಿಲ್ಲ. ಮೊದಲ ಎರಡು ಮೂರು ದಿನ ಅದು ಅಡಿಯ ಗಾಯದಿಂದ ಒಸರುವ ದ್ರವವನ್ನು ಹೀರಿ ಬದುಕುತ್ತದೆ. ಆಮೇಲೆ ಕೂದಲೆಳೆಯಂಥ ರಕ್ತನಾಳಗಳು ಒಳಕ್ಕೆ ಬೆಳೆಯುತ್ತವೆ. ಸುಮಾರು 11 ದಿನಕ್ಕೆ ಹರಿವು ನೆಲೆಗೊಳ್ಳುತ್ತದೆ, ಪೂರ್ತಿ ಬಲಿಯಲು ಆರು ವಾರ ಬೇಕು.

ತಂಬಾಕಿಗೂ ವಸಡಿಗೂ ಇರುವ ಹಗೆ ಅಷ್ಟರಲ್ಲಾಗಲೇ ತಿಳಿದಿತ್ತು. ಡೆನ್ಮಾರ್ಕಿನ ಪಿಂಡ್‌ಬೋರ್ಗ್ 1947ರಲ್ಲೇ ಹುಣ್ಣಾಗಿ ಕೊಳೆಯುವ ವಸಡಿನ ರೋಗಕ್ಕೂ ಹೊಗೆಗೂ ನಂಟು ತೋರಿಸಿದ್ದರು. ಆದರೆ ಅದೇ ಪಿಂಡ್‌ಬೋರ್ಗ್ ಭಾರತೀಯ ಸಂಗಡಿಗರೊಂದಿಗೆ 1966ರಲ್ಲಿ ದಕ್ಷಿಣ ಭಾರತದ ಮಕ್ಕಳಲ್ಲಿ ಇದೇ ರೋಗವನ್ನು ವರದಿ ಮಾಡಿದರು. ಮಕ್ಕಳಿಗೆ ಬರುವ ರೋಗಕ್ಕೆ ಹೊಗೆಯೊಂದನ್ನೇ ದೂರಲು ಬರುವುದಿಲ್ಲ. ಸಾಲದ್ದಕ್ಕೆ ಹೊಗೆ ಸೇದುವವರ ವಸಡಿನಲ್ಲಿ ರಕ್ತ ಒಸರುವುದು ಕಡಿಮೆ. ಮೇಲುನೋಟಕ್ಕೆ ಅದು ಗಟ್ಟಿಯಾಗಿಯೇ ಕಾಣುವುದರಿಂದ ಹೊಗೆಯ ಹಾನಿ ಸುಲಭವಾಗಿ ಕಣ್ತಪ್ಪುತ್ತದೆ.

ಕಸಿಯ ವಿಷಯದಲ್ಲಿ ಹೊಗೆಯ ಪ್ರಶ್ನೆ ಮುನ್ನೆಲೆಗೆ ಬರಲು ಸುಮಾರು ಎರಡು ದಶಕ ಹಿಡಿದದ್ದಕ್ಕೆ ಬಹುಶಃ ಇನ್ನೊಂದು ಕಾರಣವಿದೆ. ಮೊದಮೊದಲು ಕಸಿಯ ಉದ್ದೇಶ ಹೆಚ್ಚಾಗಿ ಗಟ್ಟಿ ವಸಡಿನ ಪಟ್ಟಿಯನ್ನು ಅಗಲಿಸುವುದಷ್ಟೇ ಆಗಿತ್ತು. ತುಂಡಿನ ಅಡಿಯಲ್ಲಿ ರಕ್ತವುಳ್ಳ ಹಾಸು ಇರುತ್ತಿತ್ತು. 1980ರ ದಶಕದಲ್ಲಿ ಬಯಲಾದ ಹಲ್ಲಿನ ಬೇರನ್ನೇ ಮುಚ್ಚುವ ಆಸೆ ಹುಟ್ಟಿತು. ಬೇರಿನ ಮೈ ಬರಡು. ಅದರ ಮೇಲಿನ ತುಂಡಿಗೆ ರಕ್ತ ಅಂಚುಗಳಿಂದಲೇ ಬರಬೇಕು, ನಾಲೆಯ ಕೊನೆಯ ಗದ್ದೆಗೆ ನೀರು ಬಂದ ಹಾಗೆ. ಮೇಲೆ ತುಸು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ನಾರು ನೇಯುವ ಕೋಶಗಳೂ ನಿಕೋಟಿನ್ ತಾಗಿದ ಬೇರಿಗೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ನಿಕೋಟಿನ್ನಿನಿಂದ ಗಾಯ ಮಾಯುವುದು ತಡವಾಗುತ್ತದೆಂದು ಪ್ಲಾಸ್ಟಿಕ್ ಸರ್ಜರಿಯವರು 1978ರಲ್ಲೇ ಮೊಲದ ಕಿವಿಯ ಮೇಲಿನ ಪ್ರಯೋಗದಲ್ಲಿ ಕಂಡಿದ್ದರು.

ಬಾಯಿಯಲ್ಲಿ ಇದನ್ನು ಗುರುತಿಸಿದವರು ಅಮೆರಿಕದ ಮಿಲ್ಲರ್. ಕಸಿ ಬೇರನ್ನು ಪೂರ್ತಿ ಮುಚ್ಚದಿರಲು ಕಾರಣಗಳೇನೆಂದು 1987ರಲ್ಲಿ ಬರೆದಾಗ, ವಿಪರೀತ ಸೇದುವುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದರು. ಗೆರೆ ದಿನಕ್ಕೆ 10 ಸಿಗರೇಟು. ಅದಕ್ಕಿಂತ ಕಡಿಮೆ ಸೇದುವವರ ಕಸಿ ಚೆನ್ನಾಗಿಯೇ ಹಿಡಿಯಿತು ಎಂದರು.

ಲ್ಯಾಂಗರ್ ದಂಪತಿ 1985ರಲ್ಲಿ ಬೇರೆ ದಾರಿ ಹಿಡಿದಿದ್ದರು. ಅಂಗುಳಿನ ಒಳಪದರವನ್ನಷ್ಟೇ ತೆಗೆದು ವಸಡಿನ ಹೊದಿಕೆಯ ಕೆಳಗೆ ತೂರಿಸಿದರೆ ರಕ್ತ ಅಡಿಯಿಂದಲೂ ಮೇಲಿನಿಂದಲೂ ಸಿಗುತ್ತದೆ. ಇಷ್ಟಾದರೂ ಹೊಗೆಯ ಗುರುತು ಅಳಿಯಲಿಲ್ಲ. 2006ರ ಒಂದು ಅಧ್ಯಯನದಲ್ಲಿ ಸೇದದವರ ಬೇರು ಸರಾಸರಿ ಶೇ. 98ರಷ್ಟು ಮುಚ್ಚಿದರೆ, ಸೇದುವವರದು ಶೇ. 82ರಷ್ಟು.

ಈ ಲೆಕ್ಕವೆಲ್ಲ ಸಿಗರೇಟಿನದು. ಬೀಡಿಯಲ್ಲಿ ತಂಬಾಕು ಕಡಿಮೆ, ಆದರೆ ಎಲೆ ಬೇಗ ಆರುವುದರಿಂದ ಮತ್ತೆ ಮತ್ತೆ ಎಳೆಯಬೇಕು. ಹೊಗೆಯಲ್ಲಿ ನಿಕೋಟಿನ್ನೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚು. ಮಿಲ್ಲರ್ ಎಳೆದ ಹತ್ತರ ಗೆರೆ ಬೀಡಿ ಕಟ್ಟಿಗೆ ಹೊಂದುವುದಿಲ್ಲ.