ಆಯಿಲ್ ಚೇಂಜ್ ಆದ ವಾರಕ್ಕೇ ಕಾರಿನಡಿ ಕಲೆ: ಫಿಲ್ಟರ್ ಹೌಸಿಂಗ್ ಸೋರಿಕೆ ಪತ್ತೆ ಹೇಗೆ?

ಕಾರಿಗೆ ಆಯಿಲ್ ಚೇಂಜ್ ಮಾಡಿಸಿ ವಾರ ಆಗಿರುವುದಿಲ್ಲ, ಬೆಳಿಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ಎಂಟಾಣೆ ಅಗಲದ ಕಪ್ಪು ಕಲೆ. ಗ್ಯಾರೇಜಿಗೆ ಫೋನ್ ಮಾಡಿದರೆ "ಸರ್ವಿಸ್ ಮಾಡುವಾಗ ಚೆಲ್ಲಿರುತ್ತೆ ಸಾರ್, ಎರಡು ದಿನ ಓಡಿಸಿ, ನಿಂತು ಹೋಗುತ್ತೆ" ಎಂಬ ಉತ್ತರ. ಒಮ್ಮೊಮ್ಮೆ ಅದು ನಿಜವೂ ಹೌದು. ಎರಡು ದಿನದ ಮೇಲೂ ನಿಲ್ಲಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ಎರಡು ಜಾಗ: ಎಂಜಿನ್ ಅಡಿಯ ಡ್ರೈನ್ ಬೋಲ್ಟ್, ಮತ್ತು ಆಯಿಲ್ ಫಿಲ್ಟರ್ ಕೂರುವ ಹೌಸಿಂಗ್. ಬೋಲ್ಟ್ ಸೋರಿದರೆ ಕಣ್ಣಿಗೆ ಬೇಗ ಕಾಣುತ್ತದೆ. ಹೌಸಿಂಗ್ ಸೋರಿಕೆ ಹಾಗಲ್ಲ.

ಹೌಸಿಂಗ್ ಅಂದರೆ ಯಾವುದು?

ಎಂಜಿನ್ನಿನ ಆಯಿಲ್ ಪಂಪ್ ಕೆಳಗಿನ ಸಂಪ್‌ನಿಂದ ಎಣ್ಣೆ ಎಳೆದು ಮೊದಲು ಫಿಲ್ಟರ್‌ಗೆ ತಳ್ಳುತ್ತದೆ. ಅಲ್ಲಿ ಸೋಸಿದ ಮೇಲೆಯೇ ಅದು ಬೇರಿಂಗ್, ಕ್ಯಾಮ್, ಟರ್ಬೊ ಕಡೆಗೆ ಹೋಗುವುದು. ಈ ಫಿಲ್ಟರ್ ಎರಡು ಥರ. ಮಾರುತಿ ಆಲ್ಟೊ, ವ್ಯಾಗನ್ ಆರ್, ಪೆಟ್ರೋಲ್ ಸ್ವಿಫ್ಟ್‌ಗಳಲ್ಲಿ ಇರುವುದು ತಗಡಿನ ಡಬ್ಬಿ. ತಿರುಗಿಸಿ ಬಿಚ್ಚಿ, ಡಬ್ಬಿ ಸಮೇತ ಬಿಸಾಕಿ, ಹೊಸದು ಹಾಕುವುದು. ಇನ್ನೊಂದರಲ್ಲಿ ಬದಲಾಗುವುದು ಒಳಗಿನ ಕಾಗದದ ಫಿಲ್ಟರ್ ಮಾತ್ರ. ಹೊರಗಿನ ಬಟ್ಟಲು, ಅದರ ಪ್ಲಾಸ್ಟಿಕ್ ಮುಚ್ಚಳ ಎಂಜಿನ್ನಿನಲ್ಲೇ ಉಳಿಯುತ್ತವೆ. ಈ ಬಟ್ಟಲೇ ಹೌಸಿಂಗ್.

ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಇರುವ ಸ್ವಿಫ್ಟ್, ಡಿಸೈರ್, ಟಾಟಾ ಇಂಡಿಕಾ ವಿಸ್ಟಾ, ಜೆಸ್ಟ್, ಹಾಗೆಯೇ ಫೋಕ್ಸ್‌ವ್ಯಾಗನ್ ಪೊಲೊ, ವೆಂಟೊ ಡೀಸೆಲ್, ಹುಂಡೈನ ಹಲವು ಡೀಸೆಲ್ ಕಾರುಗಳು ಈ ಎರಡನೇ ಜಾತಿಯವು. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಹಾಗಾಗಿ ಐಟಿ ಕಂಪನಿಗಳ ಗೇಟಿನ ಮುಂದೆ ಇನ್ನೂ ಬಾಡಿಗೆಗೆ ನಿಂತಿರುವ ಡಿಸೈರ್ ಡೀಸೆಲ್ ಕ್ಯಾಬ್‌ಗಳ ರಬ್ಬರು, ಪ್ಲಾಸ್ಟಿಕ್ಕು ಎಲ್ಲವೂ ಹಳೆಯವೇ. ಎಣ್ಣೆ ತಣಿಸುವ ಆಯಿಲ್ ಕೂಲರ್ ಸಹ ಈ ಬಗೆಯ ಬಹಳಷ್ಟು ಎಂಜಿನ್‌ಗಳಲ್ಲಿ ಹೌಸಿಂಗಿಗೇ ಅಂಟಿಕೊಂಡಿರುತ್ತದೆ.

ನಿಂತಾಗ ಹನಿ, ಓಡುವಾಗ ಧಾರೆ

ಜನ ಮೋಸ ಹೋಗುವುದು ಇಲ್ಲಿ. ಗಾಡಿ ಓಡುವಾಗ ಫಿಲ್ಟರಿನೊಳಗೆ ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡ ಇರುತ್ತದೆ, ಅಂದರೆ ಕಾರಿನ ಟೈರಿನ ಗಾಳಿಗಿಂತ ಹೆಚ್ಚು. ಎಂಜಿನ್ ಆಫ್ ಆದ ತಕ್ಷಣ ಒತ್ತಡ ಇಳಿದು ಸೋರಿಕೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಪಾರ್ಕಿಂಗ್‌ನಲ್ಲಿ ಬೀಳುವುದು ಅಳಿದುಳಿದ ನಾಲ್ಕು ಹನಿ ಮಾತ್ರ. ಉಳಿದದ್ದೆಲ್ಲ ದಾರಿಯಲ್ಲೇ ಹೋಗಿರುತ್ತದೆ. ಎಂಜಿನ್ ಅಡಿಗೆ ಪ್ಲಾಸ್ಟಿಕ್ ತಟ್ಟೆ ಇರುವ ಕಾರುಗಳಲ್ಲಂತೂ ಎಣ್ಣೆ ಆ ತಟ್ಟೆಯಲ್ಲೇ ತುಂಬಿಕೊಂಡು, ಎಷ್ಟೋ ದಿನ ನೆಲಕ್ಕೆ ಹನಿಯೂ ಬೀಳದೆ ಇರಬಹುದು.

ಒಂದು ಲೆಕ್ಕ ಹಾಕಿ ನೋಡಿ. ಓಡುವಾಗ 10 ಸೆಕೆಂಡಿಗೆ ಒಂದೇ ಹನಿ ಅಂದುಕೊಂಡರೂ ಗಂಟೆಗೆ 360 ಹನಿ. ಸುಮಾರು 20 ಹನಿಗೆ 1 ಮಿಲಿಲೀಟರ್ ಎಂದರೆ ಗಂಟೆಗೆ 18 ಮಿ.ಲೀ. ದಿನಕ್ಕೆ 10 ಗಂಟೆ ಓಡುವ ಕ್ಯಾಬ್‌ನಲ್ಲಿ 180 ಮಿ.ಲೀ.; ಆರು ದಿನ ತುಂಬುವ ಮೊದಲೇ 1 ಲೀಟರ್ ಖಾಲಿ. ಸ್ವಂತ ಕಾರಿನಲ್ಲಿ ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ತಗೊಳ್ಳುವವರಿಗೆ ಅದೇ ಲೀಟರ್ 22 ದಿನದಲ್ಲಿ, ಅಂದರೆ ಒಂದು ತಿಂಗಳ ಡ್ಯೂಟಿಯಲ್ಲಿ. ಸಣ್ಣ ಕಾರುಗಳ ಎಂಜಿನ್ ಹಿಡಿಯುವುದೇ 3ರಿಂದ 3.5 ಲೀಟರ್. ಡಿಪ್ ಸ್ಟಿಕ್‌ನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಿನ ಅಂತರ ಬಹುಪಾಲು ಕಾರುಗಳಲ್ಲಿ ಸುಮಾರು 1 ಲೀಟರ್.

ಕಿಲೋಮೀಟರ್ ಒಂದನ್ನೇ ನಂಬಬೇಡಿ

"ಇನ್ನೂ ಏಳು ಸಾವಿರ ಓಡಿದೆ, ಹತ್ತಕ್ಕೆ ಹಾಕಿಸೋಣ" ಅನ್ನುವುದು ರೂಢಿ. ಹಲವು ಕಂಪನಿಗಳ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು, ಎಂದಿರುವುದೂ ನಿಜ. ಅದೇ ಕೈಪಿಡಿಯಲ್ಲಿ ಕೆಳಗೆ ಸಣ್ಣಕ್ಷರದಲ್ಲಿ "ಕಠಿಣ ಬಳಕೆ" ಎಂಬ ಇನ್ನೊಂದು ಪಟ್ಟಿ ಇರುತ್ತದೆ: ಪದೇಪದೇ ನಿಂತು ಹೊರಡುವ ಟ್ರಾಫಿಕ್, ಐಡಲ್‌ನಲ್ಲಿ ಹೆಚ್ಚು ಹೊತ್ತು, ಧೂಳು, ಹತ್ತಿರ ಹತ್ತಿರದ ಓಡಾಟ, ಟ್ಯಾಕ್ಸಿ ಬಳಕೆ. ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ, ಮಾರತ್ತಹಳ್ಳಿ ದಾಟಿ ವೈಟ್‌ಫೀಲ್ಡ್‌ಗೆ, ಗೊರಗುಂಟೆಪಾಳ್ಯ ದಾಟಿ ಪೀಣ್ಯಕ್ಕೆ ಓಡಾಡುವವರು ಆ ಪಟ್ಟಿಯನ್ನು ಓದಿದರೆ ತಮ್ಮ ದಿನಚರಿಯನ್ನೇ ಓದಿದಂತೆ ಇರುತ್ತದೆ. ಇಂಥ ಬಳಕೆಗೆ ಅವಧಿ ಅರ್ಧಕ್ಕೆ, ಅಂದರೆ 5,000 ಕಿ.ಮೀ. ಅಥವಾ 6 ತಿಂಗಳಿಗೆ, ಇಳಿಯುವುದು ಸಾಮಾನ್ಯ.

ಕಾರಣ ಸರಳ. ಎಣ್ಣೆ ಸವೆಯುವುದು ಗಾಡಿ ಕ್ರಮಿಸಿದ ದೂರದಿಂದ ಮಾತ್ರವಲ್ಲ, ಎಂಜಿನ್ ಉರಿದ ಹೊತ್ತಿನಿಂದಲೂ. ಟಾಮ್‌ಟಾಮ್ ಸಂಸ್ಥೆಯ 2023ರ ಟ್ರಾಫಿಕ್ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಗರ ಮಧ್ಯದಲ್ಲಿ 10 ಕಿ.ಮೀ. ದಾಟಲು ಸರಾಸರಿ 28 ನಿಮಿಷ 10 ಸೆಕೆಂಡ್. ಆ ವೇಗದಲ್ಲಿ 10,000 ಕಿ.ಮೀ. ಅಂದರೆ ಸುಮಾರು 470 ಗಂಟೆ. ತುಮಕೂರು ಹೆದ್ದಾರಿಯಲ್ಲಿ ಗಂಟೆಗೆ 60ರಂತೆ ಹೋದರೆ ಅದೇ ದೂರಕ್ಕೆ 167 ಗಂಟೆ ಸಾಕು. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಹೌಸಿಂಗಿನ ರಬ್ಬರ್ ರಿಂಗ್ ಮಾತ್ರ ಬಿಸಿ ಎಣ್ಣೆಯಲ್ಲಿ ಸುಮಾರು ಮೂರು ಪಟ್ಟು ಹೊತ್ತು ಬೆಂದಿರುತ್ತದೆ.

ಬಿಎಸ್‌-6 ಡೀಸೆಲ್ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಹೊಗೆನಳಿಗೆಯ ಮಸಿ ಸುಡುವ ಕೆಲಸ ಹತ್ತಿರದ ಓಡಾಟದಲ್ಲಿ ಅರ್ಧಕ್ಕೇ ನಿಂತರೆ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಗ ಡಿಪ್ ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ಇದು ಖುಷಿಪಡುವ ವಿಷಯ ಅಲ್ಲ. ತೆಳುವಾದ ಎಣ್ಣೆ ಅದು, ಬೇಗ ಬದಲಿಸಬೇಕು.

ತಪ್ಪಾಗುವುದು ಎಲ್ಲಿ?

ಡಬ್ಬಿ ಫಿಲ್ಟರಿನಲ್ಲಿ ಹೆಸರಾದ ತಪ್ಪು ಒಂದೇ. ಹಳೇ ಡಬ್ಬಿ ಬಿಚ್ಚುವಾಗ ಅದರ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿಯುತ್ತದೆ, ಅದರ ಮೇಲೇ ಹೊಸದನ್ನು ಹಾಕಿಬಿಡುತ್ತಾರೆ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಮೊದಲ ಬಾರಿ ಜೋರಾಗಿ ಓಡಿಸಿದಾಗ ಎಣ್ಣೆ ಸುರಿದು ಹೋಗುತ್ತದೆ. ಇನ್ನು ಬಿಗಿ ಮಾಡುವುದು: ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು.

ಹೌಸಿಂಗ್ ಬಗೆಯಲ್ಲಿ ತಪ್ಪಿಗೆ ದಾರಿ ಹೆಚ್ಚು. ಫಿಲ್ಟರ್ ಬದಲಿಸಿ ಮುಚ್ಚಳದ ಓ-ರಿಂಗ್ ಹಳೆಯದನ್ನೇ ಬಿಡುವುದು ಮೊದಲನೆಯದು. ಮುಚ್ಚಳದ ಮೇಲೆ ಒಂದಕ್ಕಿಂತ ಹೆಚ್ಚು ಗಾಡಿಗಳಿದ್ದು, ರಿಂಗನ್ನು ಅದರದ್ದಲ್ಲದ ಗಾಡಿಯಲ್ಲಿ ಕೂರಿಸುವುದೂ ಉಂಟು. ರಿಂಗಿಗೆ ಹೊಸ ಎಣ್ಣೆ ಸವರದೆ ಒಣಗಿದ್ದನ್ನೇ ತಿರುಗಿಸಿದರೆ ಅದು ಮಡಚಿಕೊಳ್ಳುತ್ತದೆ, ಇಲ್ಲವೇ ಕುಯ್ದುಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಉದ್ದನೆ ಸ್ಪಾನರ್ ಹಾಕಿ ಜಗ್ಗಿ ಬಿಗಿ ಮಾಡುವುದು. ಹಲವು ಮುಚ್ಚಳಗಳ ಮೇಲೆ 25 ನ್ಯೂಟನ್ ಮೀಟರ್ ಎಂದು ಅಚ್ಚು ಹಾಕಿಯೇ ಇರುತ್ತದೆ. ಚಕ್ರದ ನಟ್ಟುಗಳಿಗೆ ಇದರ ನಾಲ್ಕು ಪಟ್ಟು ಬಿಗಿ ಬೇಕು. ಅದೇ ಕೈ ಇಲ್ಲೂ ಹಾಕಿದರೆ ಪ್ಲಾಸ್ಟಿಕ್ ಬಿರುಕು ಬಿಡದೆ ಇನ್ನೇನಾಗುತ್ತದೆ? ಸೋರಿತು ಅಂತ ಮತ್ತೆ ಬಿಗಿ ಮಾಡುತ್ತಾರೆ, ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ.

ಪೀಣ್ಯದ ಕಡೆ ಇನ್ನೊಂದು ಅಭ್ಯಾಸವಿದೆ. ಸೀಲು, ರಬ್ಬರ್ ಭಾಗಗಳ ಅಂಗಡಿ ಪಕ್ಕದಲ್ಲೇ ಇರುವಾಗ ಹಳೇ ರಿಂಗ್ ತಗೊಂಡು ಹೋಗಿ "ಇದೇ ಸೈಜ್ ಕೊಡಿ" ಅನ್ನುವುದು. ಸೈಜ್ ಸರಿ ಇದ್ದರೆ ಸಾಲದು, ರಬ್ಬರಿನ ಜಾತಿಯೂ ಸರಿ ಇರಬೇಕು. ನೈಟ್ರೈಲ್ ರಬ್ಬರ್ ಎಣ್ಣೆಗೆ ಒಗ್ಗುತ್ತದೆ, ಆದರೆ 100ರಿಂದ 120 ಡಿಗ್ರಿ ಶಾಖ ಸತತವಾಗಿ ತಾಗುತ್ತಿದ್ದರೆ ಬೇಗ ಗಟ್ಟಿಯಾಗುತ್ತದೆ. ವೈಟಾನ್ ಎಂದು ಕೇಳಿ ಪಡೆಯುವ ರಬ್ಬರ್ 200 ಡಿಗ್ರಿ ತನಕ ತಡೆಯುತ್ತದೆ, ಬೆಲೆ ಜಾಸ್ತಿ. ಇಪಿಡಿಎಂ ಎಂಬ ಮೂರನೇ ಜಾತಿ ನೀರು, ಕೂಲಂಟ್‌ಗೆ ಒಳ್ಳೆಯದು. ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಮೂರೂ ಕಪ್ಪು ಬಣ್ಣದಲ್ಲೇ ಸಿಗುವುದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಡಿಯವರು ಯಾವುದಕ್ಕೆ ಎಂದು ಕೇಳಿ ಕೊಡುವುದು, ಕೊಳ್ಳುವವರು ಎಂಜಿನ್ ಆಯಿಲ್‌ಗೆ ಎಂದು ಹೇಳಿ ತಗೊಳ್ಳುವುದು ಇಬ್ಬರಿಗೂ ಕ್ಷೇಮ. ಕಂಪನಿ ಫಿಲ್ಟರ್ ಪ್ಯಾಕೆಟ್‌ನಲ್ಲೇ ರಿಂಗ್ ಬರುವ ಕಾರುಗಳಿಗೆ ಈ ತಲೆನೋವೇ ಇಲ್ಲ. ಪ್ಯಾಕೆಟ್ ನಿಮ್ಮೆದುರಿಗೇ ಒಡೆಯಲು ಹೇಳಿ, ಹಳೇ ರಿಂಗ್ ಕೈಗೆ ಕೇಳಿ.

ಹೌಸಿಂಗ್ ಮತ್ತು ಎಂಜಿನ್ ಬ್ಲಾಕ್ ನಡುವೆ ಇರುವ ಗ್ಯಾಸ್ಕೆಟ್ ಸೋರುವುದು ಬೇರೆ ಕಥೆ. ಅದು ಆಯಿಲ್ ಚೇಂಜ್ ಮಾಡಿದವರ ತಪ್ಪಲ್ಲ, ವಯಸ್ಸಿನ ಕಾಯಿಲೆ. ಬಿಎಂಡಬ್ಲ್ಯು ಆರು ಸಿಲಿಂಡರ್ ಎಂಜಿನ್‌ಗಳಾದ ಎನ್52, ಎನ್54, ಎನ್55ರಲ್ಲಿ ಇದು ಜಗತ್ತಿಗೇ ಗೊತ್ತಿರುವ ದೂರು. ಎಣ್ಣೆ ನೇರ ಬೆಲ್ಟ್ ಮೇಲೆ ಬಿದ್ದು, ಬೆಲ್ಟ್ ಜಾರಿ ತುಂಡಾಗಿ, ಕ್ರ್ಯಾಂಕ್ ಸೀಲ್ ಒಳಗೇ ಸುತ್ತಿಕೊಂಡ ಉದಾಹರಣೆಗಳಿವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥ ಕಾರು ಕೊಳ್ಳುವವರು ಬಾನೆಟ್ ತೆಗೆಸಿ ಈ ಜಾಗ ನೋಡದೆ ಅಡ್ವಾನ್ಸ್ ಕೊಡಬಾರದು. ಕೂಲರ್ ಗ್ಯಾಸ್ಕೆಟ್ ಹೋದರೆ ಹೊರಗೆ ಒಂದು ಹನಿಯೂ ಕಾಣದೆ ಎಣ್ಣೆ ಕೂಲಂಟ್‌ಗೆ ಸೇರುತ್ತದೆ. ಕೂಲಂಟ್ ಬಾಟಲಿಯಲ್ಲಿ ಕಂದು ಬಣ್ಣದ ಕೆಸರು ತೇಲುವುದೇ ಗುರುತು.

ಮನೆಯಲ್ಲೇ ನೋಡುವ ವಿಧಾನ

ರಾತ್ರಿ ಎಂಜಿನ್ ಅಡಿಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಂದು ಅಥವಾ ಕಪ್ಪು ಜಿಡ್ಡು ಇದ್ದರೆ ಎಂಜಿನ್ ಆಯಿಲ್. ಹಸಿರು, ಗುಲಾಬಿ ಬಣ್ಣದ ನೀರಿನಂಥದ್ದು ಕೂಲಂಟ್. ಬಣ್ಣವಿಲ್ಲದ ನೀರು ಎಸಿಯದ್ದು, ಅದಕ್ಕೆ ಹೆದರಬೇಕಿಲ್ಲ. ಆಮೇಲೆ ಹೌಸಿಂಗ್ ಸುತ್ತ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿ. ಎಣ್ಣೆ ಯಾವಾಗಲೂ ಕೆಳಗಿಳಿಯುವುದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಮೂಲ. ಬಿಸಿ ಸೈಲೆನ್ಸರ್ ಪೈಪಿಗೆ ಬಿದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ ಬರುತ್ತದೆ. ಹಂಪ್‌ಗೆ ತಳ ಬಡಿದ ಮೇಲೆ ಶುರುವಾದ ಸೋರಿಕೆ ಆದರೆ ಮೊದಲು ಸಂಪ್ ನೋಡಿಸಿ.

ಡಿಪ್ ಸ್ಟಿಕ್ ನೋಡುವುದು ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು. ಸೋರಿಕೆ ಅನುಮಾನ ಇರುವಾಗ ದಿನವೂ, ಇಲ್ಲದಿದ್ದರೆ ವಾರಕ್ಕೊಮ್ಮೆ. ಎಣ್ಣೆ ಕಾಫಿಗೆ ಹಾಲು ಬೆರೆಸಿದಂತೆ ಕಂಡರೆ ನೀರೋ ಕೂಲಂಟೋ ಸೇರಿದೆ ಎಂದರ್ಥ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆಯ ಲೇಔಟ್‌ಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಅಂಥ ಗಾಡಿಯನ್ನು ಎಣ್ಣೆ ಬದಲಿಸದೆ ಸ್ಟಾರ್ಟ್ ಮಾಡಲೇಬಾರದು.

ಡ್ಯಾಶ್‌ಬೋರ್ಡ್‌ನ ಕೆಂಪು ಎಣ್ಣೆದೀಪ ಎಣ್ಣೆ ಕಮ್ಮಿ ಆಗುತ್ತಿದೆ ಎಂದು ಮುಂಚೆ ಹೇಳುವ ದೀಪ ಅಲ್ಲ. ಒತ್ತಡ ಬಿದ್ದೇ ಹೋಯಿತು ಎಂದು ಹೇಳುವ ದೀಪ. ಹೊತ್ತಿದ ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್. "ಇನ್ನು ಎರಡೇ ಕಿಲೋಮೀಟರ್, ಫ್ಲೈಓವರ್ ಇಳಿದುಬಿಡೋಣ" ಅಂದುಕೊಂಡರೆ ಬೇರಿಂಗ್ ಹಿಡಿದುಕೊಂಡು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಹೀಗೆ ಎಣ್ಣೆ ಇಲ್ಲದೆ ಓಡಿ ಹಾಳಾದ ಎಂಜಿನ್‌ಗೆ ಮಾಮೂಲಿ ವಿಮೆ ದುಡ್ಡು ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದರೂ ಸವಕಳಿಯಿಂದ ಆದ ಸೋರಿಕೆ ಅದರಲ್ಲಿ ಸೇರುತ್ತದೆಯೇ ಎಂದು ಷರತ್ತು ಓದಿಕೊಳ್ಳಬೇಕು. ಗ್ಯಾರೇಜಿನ ಕೆಲಸದಿಂದಲೇ ನಷ್ಟವಾಯಿತು ಎಂದು ವಾದಿಸಲು ಬಿಲ್ ಬೇಕೇ ಬೇಕು: ದಿನಾಂಕ, ಮೀಟರ್ ಓದು, ಎಣ್ಣೆಯ ಗ್ರೇಡ್, ಫಿಲ್ಟರ್ ನಂಬರ್ ಎಲ್ಲ ಬರೆಸಿ. ಮಾತುಕತೆ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬಿಚ್ಚಿದ ಎಣ್ಣೆ ಎಲ್ಲಿಗೆ?

ಗ್ಯಾರೇಜ್, ಸರ್ವಿಸ್ ಸೆಂಟರ್ ನಡೆಸುವವರಿಗೆ ಇದು ಕಾನೂನಿನ ವಿಷಯವೂ ಹೌದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಅದನ್ನು ಕೊಡಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆ ಎಣ್ಣೆ ತಯಾರಕರು, ಆಮದುದಾರರ ಮೇಲೂ ಬಂದಿದೆ.

ಆದರೂ ಗುಜರಿಯವರಿಗೆ ಡಬ್ಬದಲ್ಲಿ ಮಾರುವುದು, ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಬಳಿಯುವುದು, ಒಲೆಗೆ ಸುರಿಯುವುದು ನಡೆದೇ ಇದೆ. ಮೋರಿಗೆ ಬಿಟ್ಟರೆ ಪೀಣ್ಯದ್ದು ವೃಷಭಾವತಿಗೆ, ವೈಟ್‌ಫೀಲ್ಡ್ ಕಡೆಯದ್ದು ಕೆರೆಗಳಿಗೆ ಸೇರುತ್ತದೆ. ಆನೇಕಲ್ ತಾಲ್ಲೂಕಿನ ಚಂದಾಪುರ ಕೆರೆಯ ಮಾಲಿನ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿತ್ತು. ಒಂದು ಸಲದ ಆಯಿಲ್ ಚೇಂಜ್‌ನ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ.

ಅಂಗಡಿ ಮುಂದೆ ಗಿರಾಕಿಯ ಕಾರು ಎಣ್ಣೆ ಸುರಿಸಿ ಹೋದರೆ ನೀರು ಹಾಕಿ ತೊಳೆಯಬೇಡಿ. ಎಣ್ಣೆ ಹರಡುತ್ತದೆ, ಟೂ ವೀಲರ್‌ನವರು ಜಾರುತ್ತಾರೆ. ಮರದ ಹೊಟ್ಟು ಅಥವಾ ಒಣ ಮರಳು ಸುರಿದು, ಅರ್ಧ ಗಂಟೆ ಬಿಟ್ಟು ಗುಡಿಸಿ ಚೀಲಕ್ಕೆ ತುಂಬಿ. ಆ ಚೀಲವನ್ನು ಒಣ ಕಸದ ಜೊತೆ ಸೇರಿಸದೆ, ಎಣ್ಣೆ ಒರೆಸಿದ ಬಟ್ಟೆ, ಹಳೇ ಫಿಲ್ಟರ್‌ಗಳ ಜೊತೆ ಬೇರೆ ಇಡಬೇಕು.