ಮೂರನೇ ನಂಬರ್ ಟ್ರಾಮ್

ಸರಾಯೆವೊ ನಗರದ ಟ್ರಾಮ್ ಹತ್ತಲು ಮೊದಲು ರಸ್ತೆ ಬದಿಯ ಗೂಡಂಗಡಿಯಲ್ಲಿ ಟಿಕೆಟ್ ಕೊಳ್ಳಬೇಕಿತ್ತು. 2012ರಲ್ಲಿ ನಾನು ಮೊದಲ ಬಾರಿ ಅಲ್ಲಿಗೆ ಹೋದಾಗ ಪದ್ಧತಿ ಹೀಗಿತ್ತು. ಚಾಲಕನ ಬಳಿಯೂ ಟಿಕೆಟ್ ಸಿಗುತ್ತಿತ್ತು, ಆದರೆ ಬೆಲೆ ತುಸು ಹೆಚ್ಚು. ಟಿಕೆಟ್ ಕೊಂಡೆ, ಕಿಟಕಿಯ ಪಕ್ಕ ಕುಳಿತೆ. ನಮ್ಮೂರ ಬಸ್ಸಿನಲ್ಲಾದರೆ ಅಲ್ಲಿಗೆ ಕೆಲಸ ಮುಗಿಯಿತು. ಎದುರಿಗಿದ್ದ ವೃದ್ಧೆಯೊಬ್ಬರು ನನ್ನ ಕೈಯಲ್ಲಿದ್ದ ಚೀಟಿ ನೋಡಿದರು, ಏನೋ ಹೇಳಿದರು, ನನಗೆ ತಿಳಿಯಲಿಲ್ಲ. ಕಡೆಗೆ ಅವರೇ ಎದ್ದು ಬಂದು ಟಿಕೆಟ್ ತೆಗೆದುಕೊಂಡು, ಕಂಬಕ್ಕೆ ಜೋಡಿಸಿದ್ದ ಪುಟ್ಟ ಯಂತ್ರದ ಬಾಯಿಗೆ ತುರುಕಿ, ಮುದ್ರೆ ಬಿದ್ದ ಮೇಲೆ ಮರಳಿ ಕೊಟ್ಟರು. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪುವುದಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಆಕೆ ನನ್ನ ಅಂಗಿಯತ್ತ ಬೆರಳು ತೋರಿಸಿ "ಜೆಪ್" ಎಂದರು.

ಆ ಒಂದು ಪದ ಮಾತ್ರ ನನಗೆ ಅರ್ಥವಾಯಿತು. ಜೇಬು! ಉರ್ದುವಿನಲ್ಲೂ ಕನ್ನಡದಲ್ಲೂ ಇರುವ ಅದೇ ಜೇಬು. ತುರ್ಕರ ಆಳ್ವಿಕೆಯ ನಾಲ್ಕು ಶತಮಾನಗಳಲ್ಲಿ ಇಂಥ ಅರಬಿ, ಫಾರ್ಸಿ ಪದಗಳು ಬೋಸ್ನಿಯಾದ ಸ್ಲಾವಿಕ್ ಭಾಷೆಯೊಳಗೆ ಸೇರಿಕೊಂಡವು. ಅಂಗಡಿ ಅಲ್ಲಿ ದುಚಾನ್, ಕೇರಿ ಮಹಲಾ, ಪೆಟ್ಟಿಗೆ ಸಂದುಕ್, ಮನೆಗೆ ಬಂದ ಅತಿಥಿ ಮುಸಾಫಿರ್. ಸರಾಯೆವೊ ಎಂಬ ಹೆಸರಿನಲ್ಲೇ 'ಸರಾಯ್' ಇದೆ. ನಾವು ಉರ್ದು ಓದಿದವರು ಸರಾಯ್ ಎಂದರೆ ಧರ್ಮಛತ್ರವೆಂದುಕೊಳ್ಳುತ್ತೇವೆ, ತುರ್ಕರಿಗೆ ಅದು ಅರಮನೆ.

ನನ್ನ ಬಾಲ್ಯದಲ್ಲಿ ಬೋಸ್ನಿಯಾ ಎಂಬ ಹೆಸರು ಕೇಳಿಸುತ್ತಿದ್ದುದು ಶುಕ್ರವಾರದ ದುಆದಲ್ಲಿ. ನಕಾಶೆಯಲ್ಲಿ ಅದು ಎಲ್ಲಿದೆಯೆಂದು ನನಗಾಗಲಿ, ಆಮೀನ್ ಹೇಳುತ್ತಿದ್ದ ಬಹುತೇಕರಿಗಾಗಲಿ ತಿಳಿದಿರಲಿಲ್ಲ. ಅಲ್ಲಿ ಟ್ರಾಮ್ ಓಡುತ್ತದೆಂದೂ ಜನ ಅದರಲ್ಲಿ ಆಫೀಸಿಗೆ ಹೋಗುತ್ತಾರೆಂದೂ ಯಾರು ಯೋಚಿಸಿದ್ದರು? ನಮಗೆ ಅವರು ಮಜ್ಲೂಮರು, ಅಷ್ಟೇ.

ಸರಾಯೆವೊದಲ್ಲಿ ಟ್ರಾಮ್ ಓಡಾಟ ಆರಂಭವಾದದ್ದು 1885ರಲ್ಲಿ, ಕುದುರೆ ಎಳೆಯುವ ಗಾಡಿಯಾಗಿ. ಅದಕ್ಕೆ ಏಳು ವರ್ಷ ಮೊದಲು, 1878ರಲ್ಲಿ, ಬರ್ಲಿನ್ ಒಪ್ಪಂದದ ಬಲದಿಂದ ಆಸ್ಟ್ರಿಯಾ-ಹಂಗೇರಿಯ ಸೇನೆ ಪ್ರತಿರೋಧವನ್ನು ಹತ್ತಿಕ್ಕಿ ನಗರವನ್ನು ವಶಪಡಿಸಿಕೊಂಡಿತ್ತು. ಅಂದರೆ ಈ ಹಳಿಗಳು ಬಂದದ್ದು ಆಳಲು ಬಂದವರ ಜೊತೆಯಲ್ಲಿ. 1895ರಲ್ಲಿ ವಿದ್ಯುತ್ ಟ್ರಾಮ್ ಬಂತು. ತಮ್ಮದು ಯುರೋಪಿನ ಮೊದಲ ಟ್ರಾಮ್, ವಿಯೆನ್ನಾದವರು ಮೊದಲು ನಮ್ಮ ಮೇಲೆ ಪರೀಕ್ಷೆ ಮಾಡಿ ಆಮೇಲೆ ತಮ್ಮೂರಲ್ಲಿ ಓಡಿಸಿದರು ಎಂಬ ಮಾತು ಆ ಊರಲ್ಲಿ ಪ್ರಚಲಿತವಾಗಿದೆ. ಇದು ಅರ್ಧ ಸತ್ಯ. ವಿಯೆನ್ನಾದಲ್ಲಿ ಕುದುರೆ ಟ್ರಾಮ್ 1865ರಲ್ಲೇ ಇತ್ತು. ವಿದ್ಯುತ್ ಟ್ರಾಮ್ ಮಾತ್ರ ಅಲ್ಲಿಗೆ ಬಂದದ್ದು 1897ರಲ್ಲಿ, ಸರಾಯೆವೊದ ನಂತರ. ಆದರೆ ಅದೇ ಸಾಮ್ರಾಜ್ಯದ ಬುಡಾಪೆಸ್ಟ್ 1887ರಲ್ಲೇ ಅದನ್ನು ಕಂಡಿತ್ತು. 1950ರ ದಶಕದ ಕೊನೆಗೆ ಅಮೆರಿಕದ ವಾಷಿಂಗ್ಟನ್ ನಗರ ಬೇಡವೆಂದು ಕೈಬಿಟ್ಟ ಹಳೆಯ ಟ್ರಾಮ್‌ಗಳೂ ಹಡಗೇರಿ ಇಲ್ಲಿಗೆ ಬಂದವು. ನಾನು ಕುಳಿತದ್ದು ಜೆಕ್ ದೇಶದಲ್ಲಿ ತಯಾರಾದ ಗಾಡಿಯಲ್ಲಿ.

ಮೂರನೇ ನಂಬರ್ ಟ್ರಾಮ್ ಪಶ್ಚಿಮದ ಇಲಿಜಾದಿಂದ ಪೂರ್ವದ ಹಳೇಪೇಟೆ ಬಶ್ಚಾರ್ಶಿಯಾಕ್ಕೆ ಬರುತ್ತದೆ. ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮೊದಲು ಸಮಾಜವಾದಿ ಯುಗೋಸ್ಲಾವಿಯಾ ಕಟ್ಟಿದ ಎತ್ತರದ ವಸತಿ ಕಟ್ಟಡಗಳು, ಆಮೇಲೆ ಅಗಲವಾದ ಹೆದ್ದಾರಿ. ಮ್ಯೂಸಿಯಂ ದಾಟಿ, ಹಾಲಿಡೇ ಇನ್ ಎಂದು ಪ್ರಸಿದ್ಧವಾಗಿದ್ದ ಹಳದಿ ಹೋಟೆಲಿನ ಬಳಿ ಬಂದಾಗ ಹಳಿ ಹಾವಿನಂತೆ ಬಳುಕುತ್ತದೆ. ಅಲ್ಲಿ ಟ್ರಾಮ್ ವೇಗ ತಗ್ಗಿಸಲೇಬೇಕು. ಪ್ರವಾಸಿಗೆ ಅದು ಫೋಟೊ ತೆಗೆಯಲು ಅನುಕೂಲವಾದ ಜಾಗ.

1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ನಗರಕ್ಕೆ ಮುತ್ತಿಗೆ. ಸುತ್ತಲ ಬೆಟ್ಟಗಳ ಮೇಲೆ ಬೋಸ್ನಿಯನ್ ಸರ್ಬ್ ಸೇನೆಯ ತೋಪುಗಳು. ನದಿಯಾಚೆಯ ಗ್ರ್ಬಾವಿತ್ಸಾ ಬಡಾವಣೆಯ ಎತ್ತರದ ಕಟ್ಟಡಗಳಲ್ಲಿ ಮರೆಯಿಂದ ಗುಂಡು ಹಾರಿಸುವವರು. 1992ರ ಮೇ ಆರಂಭದಲ್ಲೇ ಟ್ರಾಮ್‌ಗಳು ಬೆಂಕಿಗೆ ಆಹುತಿಯಾಗಿ ಸಂಚಾರ ನಿಂತುಹೋಯಿತು. ಸುಮಾರು ಎರಡು ವರ್ಷ ಅವು ನಡುಬೀದಿಯಲ್ಲಿ ಸುಟ್ಟ ಅಸ್ಥಿಪಂಜರಗಳಂತೆ ನಿಂತಿದ್ದವು. 1994ರ ಫೆಬ್ರವರಿ 5ರಂದು ಮಾರ್ಕಲೆ ಮಾರುಕಟ್ಟೆಯ ಮೇಲೆ ಬಿದ್ದ ಶೆಲ್ 68 ಜನರನ್ನು ಕೊಂದಿತು. ಆಮೇಲೆ ನ್ಯಾಟೊ ಗಡುವು ಕೊಟ್ಟಿತು, ತೋಪುಗಳು ತುಸು ಸುಮ್ಮನಾದವು. ಆ ಮಾರ್ಚ್‌ನಲ್ಲಿ ಟ್ರಾಮ್ ಮತ್ತೆ ಹೊರಟಿತು.

ಮುತ್ತಿಗೆ ಇನ್ನೂ ಮುಗಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಸಿನೆಮಾ ಪರದೆಯ ಮೇಲಿನ ಗುರಿಯಂತೆ ನಿಗದಿತ ಹಳಿಯ ಮೇಲೆ ಬರುವ, ತಿರುವಿನಲ್ಲಿ ನಿಧಾನವಾಗುವ, ತುಂಬಾ ಕಿಟಕಿಗಳಿರುವ ಗಾಡಿಗೆ ಗುಂಡಿಡುವುದು ಸುಲಭ. ಇಟ್ಟರು. 1994ರ ಅಕ್ಟೋಬರ್‌ನಿಂದ 1995ರ ಮಾರ್ಚ್‌ವರೆಗೆ ಅದೇ ತಿರುವಿನ ಆಸುಪಾಸಿನಲ್ಲಿ ಟ್ರಾಮ್ ಪ್ರಯಾಣಿಕರ ಮೇಲೆ ನಡೆದ ದಾಳಿಗಳ ವಿವರ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಿನಲ್ಲಿದೆ. ಸೇನಾಧಿಕಾರಿ ದ್ರಾಗೊಮಿರ್ ಮಿಲೊಶೆವಿಚ್‌ಗೆ (ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್ ಬೇರೆ) 2007ರಲ್ಲಿ 33 ವರ್ಷಗಳ ಸಜೆಯಾಯಿತು, 2009ರ ಮೇಲ್ಮನವಿಯಲ್ಲಿ ಅದು 29ಕ್ಕೆ ಇಳಿಯಿತು. 1995ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ತಿಂಗಳು ಕಳೆಯುವ ಮೊದಲೇ, 1996ರ ಜನವರಿ 9ರಂದು, ಅದೇ ಬೀದಿಯಲ್ಲಿ ಟ್ರಾಮಿಗೆ ರಾಕೆಟ್ ಗ್ರೆನೇಡ್ ಬಡಿದು ಒಬ್ಬ ಮಹಿಳೆ ಸತ್ತರು.

ಇಷ್ಟಾದರೂ ಜನ ಹತ್ತುತ್ತಿದ್ದರು. ಅದನ್ನು ಶೌರ್ಯವೆಂದು ಹೊಗಳಲು ನನಗೆ ಸಂಕೋಚವಾಗುತ್ತದೆ. ಮನೆಗೆ ನೀರಿನ ಕ್ಯಾನು ಒಯ್ಯಬೇಕಾದವನಿಗೆ, ಆಸ್ಪತ್ರೆಯಲ್ಲಿ ಪಾಳಿ ಇರುವವಳಿಗೆ ಅಷ್ಟು ದೂರ ನಡೆಯುವುದೇನೂ ಸುರಕ್ಷಿತವಾಗಿರಲಿಲ್ಲ.

ತಿರುವು ದಾಟಿದ ಟ್ರಾಮ್ ಮಿಲ್ಯಾಟ್ಸ್ಕಾ ನದಿಯ ದಂಡೆ ಹಿಡಿಯುತ್ತದೆ. ಲ್ಯಾಟಿನ್ ಸೇತುವೆ ಬಂದಾಗ ಪ್ರವಾಸಿಗರೆಲ್ಲ ಕತ್ತು ಹೊರಳಿಸುತ್ತಾರೆ. 1914ರ ಜೂನ್ 28ರಂದು ಯುವರಾಜ ಫ್ರಾಂಜ್ ಫರ್ಡಿನಾಂಡ್‌ನ ಕೊಲೆ ನಡೆದದ್ದು ಅಲ್ಲಿ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನ್ನ ಕಣ್ಣು ಹೋದದ್ದು ಮುಂದಿನ ವಿಯೆಚ್ನಿತ್ಸಾ ಕಟ್ಟಡದತ್ತ. ಪುರಭವನವಾಗಿ ಕಟ್ಟಿ, ಆಮೇಲೆ ರಾಷ್ಟ್ರೀಯ ಗ್ರಂಥಾಲಯವಾಗಿದ್ದ ಅದು 1992ರ ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಪುಸ್ತಕಗಳ ಸಮೇತ ಉರಿಯಿತು. ನಾನು ಹೋದಾಗ ದುರಸ್ತಿ ಇನ್ನೂ ನಡೆದಿತ್ತು. 2014ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಬಶ್ಚಾರ್ಶಿಯಾದಿಂದ ಟ್ರಾಮ್ ಬಂದ ದಾರಿಯಲ್ಲಿ ಹಿಂತಿರುಗುವುದಿಲ್ಲ, ಬಳಸಿಕೊಂಡು ಮುಲ್ಲಾ ಮುಸ್ತಫಾ ಬಶೆಸ್ಕಿಯಾ ಹೆಸರಿನ ಬೀದಿಗೆ ಬರುತ್ತದೆ. ಈತ ದೊರೆಯಲ್ಲ, ಸೇನಾನಿಯಲ್ಲ. ಹದಿನೆಂಟನೇ ಶತಮಾನದಲ್ಲಿ ಮಸೀದಿಯ ಇಮಾಮನಾಗಿದ್ದು, ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವನು. 1804ರವರೆಗೆ ಸುಮಾರು ಅರ್ಧ ಶತಮಾನ ತುರ್ಕಿ ಭಾಷೆಯಲ್ಲಿ ಊರಿನ ರೋಜ್‌ನಾಮ್ಚಾ ಬರೆದ. ಪ್ಲೇಗು, ಜಗಳ, ಬೆಲೆ ಏರಿಕೆ ಎಲ್ಲ ಅದರಲ್ಲಿವೆ. ಮುಖ್ಯವಾಗಿ, ಆಯಾ ವರ್ಷ ಸತ್ತ ಸಾಮಾನ್ಯರ ಪಟ್ಟಿಯಿದೆ, ಕಸುಬು ಮತ್ತು ಅಡ್ಡಹೆಸರಿನ ಸಮೇತ.

ಆ ಬೀದಿಯೇ ಮುಂದೆ ಟಿಟೊ ಹೆಸರಿನ ರಸ್ತೆಯಾಗುತ್ತದೆ. 2012ರ ಏಪ್ರಿಲ್ 6ರಂದು, ಮುತ್ತಿಗೆಗೆ ಇಪ್ಪತ್ತು ವರ್ಷ ತುಂಬಿದಾಗ, ಅಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು, ಸತ್ತ ಒಬ್ಬೊಬ್ಬರಿಗೆ ಒಂದೊಂದು. ಮಕ್ಕಳ ಕುರ್ಚಿಗಳು ಚಿಕ್ಕವಾಗಿದ್ದವು. ಕೆಲವುಗಳ ಮೇಲೆ ದಾರಿಹೋಕರು ಆಟಿಕೆ ಇಟ್ಟು ಹೋದರು.

ನಾನು ಹೋದದ್ದು ಅದಾದ ಕೆಲವು ತಿಂಗಳ ಮೇಲೆ. ಕುರ್ಚಿಗಳಿರಲಿಲ್ಲ. ಹಳಿಯ ಮೇಲೆ ಒಂದರ ಹಿಂದೊಂದು ಟ್ರಾಮ್ ಬರುತ್ತಿತ್ತು, ಶಾಲೆ ಬಿಟ್ಟ ಮಕ್ಕಳು ಅದಕ್ಕೆ ನುಗ್ಗುತ್ತಿದ್ದರು. ಹಳೆಯ ಟಿಕೆಟ್ ನಡೆಯುವುದಿಲ್ಲವಾದ್ದರಿಂದ ನಾನು ಇನ್ನೊಂದು ಕೊಳ್ಳಲು ಗೂಡಂಗಡಿ ಹುಡುಕಿಕೊಂಡು ಹೋದೆ.